ಮೂವತ್ತು ಸಾವಿರದ ಮೂವತ್ತೊಂದನೆಯ ಪಾವತಿ

ಗದಗಿನ ಮುಳಗುಂದ ನಾಕಾದ ಪ್ರೆಸ್ಸಿನಲ್ಲಿ ನನ್ನ ಕೆಲಸ
ಅಂಕಿ ಜಿಗಿದಿದೆಯೇ ಎಂದು ನೋಡುವುದು, ಅಷ್ಟೇ.
ಶೇಂಗಾ ಗಿರಣಿಯ ಪಾವತಿ ಪುಸ್ತಕ: ಬಿಳಿ ಒಂದು, ಗುಲಾಬಿ ಒಂದು.
ನಂಬರಿಂಗ್ ಮಶೀನಿನ ಐದು ಗಾಲಿ
ಕಟಕ್ ಎಂದಾಗಲೆಲ್ಲ
ಜಗತ್ತಿಗೆ ಒಂದು ಕೂಡುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು.
ಗಾಲಿ ನಿಂತದ್ದು ೩೦೦೩೧ರ ಮೇಲೆ.

ದಾವಲಸಾಬ ಮಿಸ್ತ್ರಿ ಮಸಿಗೈ ಸೀಮೆಎಣ್ಣೆಯಲ್ಲಿ ಒರೆಸಿಕೊಂಡು
ಕೊನೆಯ ಮೂರು ಹಾಳೆ ನನ್ನ ಮುಂದೆ ಹರವಿದ.
"ಮೂರೂ ಒಂದ ಓಣ್ಯಾಗಿನವು, ದ್ಯಾಮಿ.
ಒಂದರ ಗುಣ ಒಂದಕ್ಕಿಲ್ಲ, ನೋಡು."

ನಡುವಿನದು ೩೦೦೩೦.
ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು
ಒಬ್ಬರನ್ನೊಬ್ಬರು ಗುಣಿಸಿಕೊಂಡು ಕಟ್ಟಿದ ಮನೆ,
ಅರವತ್ತನಾಲ್ಕು ಬಾಗಿಲು.
ತನ್ನೊಂದನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ
ಅರವತ್ತಾರು ಸಾವಿರದ ಏಳುನೂರ ಮೂವತ್ತೆಂಟು,
ತನ್ನ ಎರಡು ಪಟ್ಟಿಗಿಂತ ಹೆಚ್ಚು ತನ್ನ ಕಣಜದಲ್ಲೇ.
ಸಮೃದ್ಧ ಸಂಖ್ಯೆ ಎನ್ನುತ್ತಾರಂತೆ ಓದಿದವರು.
"ಹದಿನೈದು ಮಂದಿ ಬರಲಿ, ಇಪ್ಪತ್ತೊಂದು ಮಂದಿ ಬರಲಿ,
ಸಮ ಹಂಚತೈತಿ."
ನಮ್ಮ ಮನೆಯಲ್ಲಿ ನಾಲ್ವರು. ನಾಲ್ಕರಿಂದ ಭಾಗಿಸಿದೆ.
ಎರಡು ಉಳಿಯಿತು.
"ಆ ಮನ್ಯಾಗ ಯಾರೂ ಎರಡು ಸರ್ತಿ ಹುಟ್ಟಿಲ್ಲವಾ," ಮಿಸ್ತ್ರಿ ನಕ್ಕ,
"ಎರಡು ಸೈತ ಒಂದ ಸರ್ತಿ."

ಎಡಕ್ಕೆ ೩೦೦೨೯.
ನೂರ ಎಪ್ಪತ್ಮೂರರ ತನಕ ನಲವತ್ತು ಅವಿಭಾಜ್ಯಗಳು,
ನಲವತ್ತೂ ಹೋಗಿ ಕದ ತಟ್ಟಿ ಬಂದವು.
ಇದನ್ನು ಅವನು ಮೊನ್ನೆ ರಾತ್ರಿಯೇ ಮಾಡಿ ಮುಗಿಸಿದ್ದ,
ಬೀಡಿ ಕಟ್ಟಿನ ಕಾಗದದ ಮೇಲೆ,
ಈ ಅಂಕಿ ಬರುತ್ತದೆಂದು ಕಾದು.

ಬಲಕ್ಕಿನದು ನೋಡಿದ್ದೇ ನಾನು ಹೇಳಿದೆ:
ಇದೂ ಹಂಗ. ಒಡೆಯೋದಿಲ್ಲ.
ಆ ಆರರಲ್ಲಿ ಯಾರಿಂದ ಭಾಗಿಸಿದರೂ
ಒಂದು ಉಳಿದೇ ಉಳಿಯುತ್ತದಲ್ಲ.

"ಬರೇ ಆರು ಮಂದೀನ ಕೇಳಿದಿ."

ಕೈಗೆ ಸಿಕ್ಕ ಹಾಳೆಯ ಬೆನ್ನಿನ ಮೇಲೆ ಶುರುಮಾಡಿದೆ.
ಹದಿನೇಳಕ್ಕೆ ಒಂಬತ್ತು ಉಳಿಯಿತು. ಹತ್ತೊಂಬತ್ತಕ್ಕೆ ಹನ್ನೊಂದು.
ಇಪ್ಪತ್ಮೂರಕ್ಕೂ ಇಪ್ಪತ್ತೊಂಬತ್ತಕ್ಕೂ ಹದಿನಾರು, ಹದಿನಾರು,
ಪಾಟಿ ನೋಡಿ ಬರೆದ ಹುಡುಗರ ಹಾಗೆ.
ಹೊರಗೆ ಗಿರಣಿಯ ಟೆಂಪೊ ಹಾರ್ನು ಹೊಡೆಯುತ್ತಿತ್ತು.
ನಲವತ್ತೇಳಕ್ಕೆ ನಲವತ್ತೈದು:
ಇನ್ನೆರಡು ಸಿಕ್ಕಿದ್ದರೆ ಒಡೆದೇ ಹೋಗುತ್ತಿತ್ತು.
ಐವತ್ಮೂರಕ್ಕೆ ಮೂವತ್ಮೂರು.
ಐವತ್ತೊಂಬತ್ತು.
ಮುನ್ನೂರರಲ್ಲಿ ಐದು ಸಲ ಹೋಗಿ ಐದು ಉಳಿಯಿತು,
ಮೂರು ಇಳಿಸಿದೆ, ಸಾಲಲಿಲ್ಲ, ಸೊನ್ನೆ ಹಾಕಿದೆ,
ಕೊನೆಯ ಒಂದನ್ನೂ ಇಳಿಸಿದೆ: ಐನೂರ ಮೂವತ್ತೊಂದು.
ಒಂಬತ್ತೈವತ್ತೊಂಬತ್ಲೆ…

ಪೆನ್ಸಿಲ್ಲು ನಿಂತಿತು.
ಕೆಳಗೆ ಏನೂ ಇರಲಿಲ್ಲ.

ಐವತ್ತೊಂಬತ್ತು ಗುಣಿಸು ಐನೂರ ಒಂಬತ್ತು.
ಅವೆರಡರ ಜೊತೆ ಒಂದನ್ನು ಕೂಡಿದರೆ
ಐನೂರ ಅರವತ್ತೊಂಬತ್ತು. ಮೂವತ್ತು ಸಾವಿರದವನ
ಕಿಸೆಯಲ್ಲಿ ಇದ್ದದ್ದು ಇಷ್ಟು. ನ್ಯೂನ ಸಂಖ್ಯೆ.
ಪಕ್ಕದ ಮನೆಯಲ್ಲಿ ಅಷ್ಟು ಗದ್ದಲ;
ಇಲ್ಲಿ ಇಬ್ಬರು, ದೀಪ ಹಚ್ಚದೆ ಕೂತವರು.
ಹದಿನೇಳನೆಯವನು ಬಂದು ಕೂಗುವ ತನಕ ಓ ಅಂದಿರಲಿಲ್ಲ.

ಆಮೇಲೆ ಹಾಳೆ ತಿರುಗಿಸಿದೆ. ಅದು ಅದೇ ಪಾವತಿ,
೩೦೦೩೧, ಬಿಳಿ ಪ್ರತಿ, ಬೆನ್ನೆಲ್ಲ ನನ್ನ ಭಾಗಾಕಾರ.
ಹೊಂಬಳ ಸಾವಕಾರರು ನೋಡಿದರೆ ಪಗಾರದಲ್ಲಿ ಮುರಿದಾರು.
ಗುಲಾಬಿಯ ಮೇಲೆ ಕೆಂಪಿನಲ್ಲಿ "ರದ್ದು" ಎಂದು ಬರೆದು
ಮಿಸ್ತ್ರಿಯ ಸಹಿ ಹಾಕಿಸಿ ಪುಸ್ತಕಕ್ಕೆ ಸೇರಿಸಿದೆ.
ಬಿಳಿಯದನ್ನು ನಾಲ್ಕು ಮಡಿಕೆ ಮಾಡಿ ಊಟದ ಡಬ್ಬಿಯೊಳಗೆ.

ಕರೆಂಟು ಬಂತು. ಕಟಕ್.
೩೦೦೩೨.
"ಇದು?" ಎಂದ ಮಿಸ್ತ್ರಿ, ಮಶೀನಿನ ಸದ್ದಿನ ಮೇಲೆ.
ಕೊನೆಯ ಎರಡಂಕಿ ನೋಡಿದರೆ ಸಾಕಿತ್ತು.
ನಾಲ್ವರಿಗೆ ಸಮ, ಎಂದೆ.